ಪಿಟೀಲು ಹಿಡಿದ ಗಿರಾಕಿ: 18ನೇ ಶತಮಾನದಲ್ಲಿ ಸಂಗೀತದ ಅಚ್ಚು ಮತ್ತು ಮಾರಾಟ

(ಒಂದು ಸಂಜೆಯ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ಸಂಗೀತದ ಬಗ್ಗೆ ಕಡಿಮೆ, ಸಂಗೀತದ ವ್ಯಾಪಾರದ ಬಗ್ಗೆ ಜಾಸ್ತಿ. 18ನೇ ಶತಮಾನದ ಯುರೋಪಿನಲ್ಲಿ ಚೇಂಬರ್ ಮ್ಯೂಸಿಕ್, ಅಂದರೆ ಕೆಲವೇ ಜನ ಕೂತು ನುಡಿಸುವ ಸಂಗೀತ, ಹೇಗೆ ಅಚ್ಚಾಗುತ್ತಿತ್ತು, ಯಾರು ಕೊಳ್ಳುತ್ತಿದ್ದರು, ಯಾರು ಕದಿಯುತ್ತಿದ್ದರು ಅನ್ನುವುದು ವಿಷಯ. ಕದಿಯುವವರ ಕಥೆ ಸ್ವಲ್ಪ ಉದ್ದವಾಗುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಒಂದು ಸಂಗತಿಯನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ. ಇವತ್ತು ಕ್ವಾರ್ಟೆಟ್ (ನಾಲ್ವರು ಸೇರಿ ನುಡಿಸುವ ಕೃತಿ) ಅಂದರೆ ನಾವು ಕೇಳುವವರು. ಟಿಕೆಟ್ ತೆಗೆದುಕೊಂಡು ಹೋಗಿ ಕೂರುತ್ತೇವೆ, ಇಲ್ಲವೇ ಮೊಬೈಲಿನಲ್ಲಿ ಹಾಕಿಕೊಳ್ಳುತ್ತೇವೆ. ಆಗ ಕ್ವಾರ್ಟೆಟ್‌ಗೆ ದುಡ್ಡು ಕೊಡುತ್ತಿದ್ದವನು ಕೇಳುಗನಲ್ಲ, ನುಡಿಸುವವನು. ಅವನು ವಕೀಲನೋ, ವರ್ತಕನೋ, ಸರ್ಕಾರಿ ಅಧಿಕಾರಿಯೋ ಆಗಿರುತ್ತಿದ್ದ. ಮನೆಯಲ್ಲಿ ಒಂದು ಪಿಟೀಲು ಇರುತ್ತಿತ್ತು. ಅಂಗಡಿಯಿಂದ ಹೊಸ ಕ್ವಾರ್ಟೆಟ್ ತಂದು ಮೂವರು ಸ್ನೇಹಿತರನ್ನು ಕರೆಯುತ್ತಿದ್ದ. ಎದುರಿಗೆ ಒಬ್ಬ ಕೇಳುಗ ಇಲ್ಲದಿದ್ದರೂ ಆ ಸಂಜೆ ಸೊಗಸಾಗಿ ನಡೆಯುತ್ತಿತ್ತು. ಈ ವ್ಯಾಪಾರದ ವಿಚಿತ್ರಗಳೆಲ್ಲ ಇಲ್ಲಿಂದಲೇ ಶುರುವಾಗುತ್ತವೆ.

ಅಂಗಡಿಯಲ್ಲಿ ಅವನ ಕೈಗೆ ಏನು ಬರುತ್ತಿತ್ತು? ಕ್ವಾರ್ಟೆಟ್ ಆದರೆ ನಾಲ್ಕು ಬೇರೆ ಬೇರೆ ಪುಸ್ತಿಕೆ. ಮೊದಲ ಪಿಟೀಲಿಗೆ ಒಂದು, ಎರಡನೆಯದಕ್ಕೆ ಒಂದು, ವಯೋಲಾಗೆ ಒಂದು, ಚೆಲ್ಲೊಗೆ ಒಂದು. ನಾಲ್ಕೂ ದನಿಗಳನ್ನು ಒಂದೇ ಪುಟದಲ್ಲಿ ತೋರಿಸುವ ಸ್ಕೋರ್ ಸಾಮಾನ್ಯವಾಗಿ ಇರುತ್ತಲೇ ಇರಲಿಲ್ಲ. ಯಾಕಿರಬೇಕು? ಕೂತು ಓದುವವರಿಗೆ ಸ್ಕೋರ್ ಬೇಕು, ನುಡಿಸುವವರಿಗೆ ತಮ್ಮ ಸಾಲು ಸಾಕು. ಒಂದು ಕಟ್ಟಿನಲ್ಲಿ ಆರು ಕೃತಿಗಳು. ಶತಮಾನದ ಕೊನೆಗೆ ಕೃತಿಗಳು ಉದ್ದವಾದವು, ಆರು ಹೋಗಿ ಮೂರಾಯಿತು. ಅಂಗಡಿ ವಿಯೆನ್ನಾದಲ್ಲಿದ್ದರೂ ಮುಖಪುಟ ಬಹಳ ಸಲ ಫ್ರೆಂಚ್‌ನಲ್ಲಿ. ಇಸವಿ ಮಾತ್ರ ಎಲ್ಲೂ ಇಲ್ಲ! ಹೊಸದು ಅಂದರೆ ತಾನೇ ಮಾಲು ಹೋಗುವುದು? ಇಸವಿ ಹಾಕಿದರೆ ಮುಂದಿನ ವರ್ಷ ಅದು ಹಳೇ ಸರಕು. ಹಾಗಾಗಿ ಇವತ್ತಿನ ಸಂಶೋಧಕರು ಹಳೆಯ ಪತ್ರಿಕೆಗಳ ಜಾಹೀರಾತು ಹುಡುಕುತ್ತಾರೆ, ಪುಟದ ಕೆಳಗಿನ ತಗಡಿನ ನಂಬರ್ ನೋಡುತ್ತಾರೆ. ಇಸವಿ ಗೊತ್ತಾಗುವುದು ಅದರಿಂದ.

ಆ ತಗಡಿನ ವಿಷಯ ಸ್ವಲ್ಪ ಹೇಳಬೇಕು.

ಹಿಂದಿನ ಶತಮಾನದಲ್ಲಿ ಸಂಗೀತವನ್ನೂ ಅಕ್ಷರದ ಹಾಗೆ ಮೊಳೆ ಜೋಡಿಸಿಯೇ ಅಚ್ಚು ಮಾಡುತ್ತಿದ್ದರು. ಒಂದೊಂದು ಸ್ವರಕ್ಕೂ ಒಂದೊಂದು ಮೊಳೆ. ನಿಧಾನ ಸ್ವರಗಳಿಗೆ ಅದು ಪರವಾಗಿಲ್ಲ. ಪಿಟೀಲಿನ ವೇಗದ ಸ್ವರಗಳು ಬಂದಾಗ ಕಷ್ಟ. ನಾಲ್ಕು ಸ್ವರಗಳನ್ನು ಒಂದು ಅಡ್ಡಗೆರೆಯಿಂದ ಕಟ್ಟಿ ತೋರಿಸಬೇಕಲ್ಲ, ಅದು ಆ ಮೊಳೆಗಳಲ್ಲಿ ಆಗುತ್ತಿರಲಿಲ್ಲ. ಓದುವವನ ಕಣ್ಣು ಸೋಲುತ್ತಿತ್ತು. ಕೆತ್ತನೆ ಗೆದ್ದದ್ದು ಇಲ್ಲಿ. ತವರ ಬೆರೆಸಿದ ಮೆತ್ತನೆಯ ಪ್ಯೂಟರ್ ತಗಡು. ಐದು ಮೊನೆಯ ಸಾಧನದಿಂದ ಒಮ್ಮೆಗೇ ಐದು ಗೆರೆ ಎಳೆಯುವುದು. ಸ್ವರದ ತಲೆಗಳನ್ನು, ಕ್ಲೆಫ್‌ಗಳನ್ನು (ಸಾಲಿನ ಮೊದಲಿಗೆ ಬರುವ ಗುರುತು) ಉಕ್ಕಿನ ಅಚ್ಚುಮೊಳೆ ಇಟ್ಟು ಸುತ್ತಿಗೆಯಿಂದ ಹೊಡೆಯುವುದು. ಉಳಿದ ಗೆರೆಗಳನ್ನು ಕೈಯಿಂದ ಕೊರೆಯುವುದು. ಎಲ್ಲವೂ ಕನ್ನಡಿಯಲ್ಲಿ ಕಾಣುವಂತೆ ಉಲ್ಟಾ, ಬಲದಿಂದ ಎಡಕ್ಕೆ. ತಪ್ಪಾದರೆ ತಗಡಿನ ಹಿಂದಿನಿಂದ ಬಡಿದು ಸಪಾಟು ಮಾಡಿ ಮತ್ತೆ ಹೊಡೆಯುವುದು.

ವ್ಯಾಪಾರಿಗೆ ಇದರ ದೊಡ್ಡ ಲಾಭ ಬೇರೆಯೇ ಇತ್ತು. ಮೊಳೆ ಜೋಡಿಸಿದರೆ ಅಚ್ಚಾದ ಮೇಲೆ ಬಿಚ್ಚಬೇಕು, ಆದ್ದರಿಂದ ಒಮ್ಮೆಗೇ ನೂರಾರು ಪ್ರತಿ ತೆಗೆಯಬೇಕು. ತಗಡು ಹಾಗಲ್ಲ. ಇವತ್ತು ಐವತ್ತು ಪ್ರತಿ ತೆಗೆದು ಕಪಾಟಿನಲ್ಲಿ ಇಡಬಹುದು, ಗಿರಾಕಿ ಬಂದರೆ ಮತ್ತೆ ಇಪ್ಪತ್ತು. ಕಾಗದಕ್ಕೆ ಹಾಕಿದ ದುಡ್ಡು ಗೋದಾಮಿನಲ್ಲಿ ಕೊಳೆಯುವುದಿಲ್ಲ. ಆದರೆ ಕಳ್ಳನಿಗೂ ಇದೇ ಅನುಕೂಲ. ಒಂದು ಪ್ರತಿ ಕೊಂಡು, ಒಬ್ಬ ಕೆತ್ತನೆಗಾರನಿಗೆ ಕೊಟ್ಟರೆ ಆಯಿತು.

ಪ್ಯಾರಿಸ್‌ನಲ್ಲಿ ಈ ಕೆತ್ತನೆ ಕೆಲಸ ಮಾಡುತ್ತಿದ್ದವರಲ್ಲಿ ಹೆಂಗಸರು ಬಹಳ ಜನ. ಮುಖಪುಟದಲ್ಲಿ ಅವರ ಹೆಸರೂ ಇರುತ್ತಿತ್ತು. 1764ರಲ್ಲಿ ಎಂಟು ವರ್ಷದ ಮೊಟ್ಸಾರ್ಟ್‌ನ ಮೊದಲ ಅಚ್ಚಾದ ಸೊನಾಟಾಗಳನ್ನು (ಒಬ್ಬಿಬ್ಬರು ನುಡಿಸುವ ಕೃತಿಗಳು) ಕೆತ್ತಿದ್ದು ಮದಾಮ್ ವಾಂದೋಮ್. ಅವು ಹಾರ್ಪ್ಸಿಕಾರ್ಡ್‌ಗೆ (ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯ), ಜೊತೆಗೆ ಬೇಕಿದ್ದರೆ ಪಿಟೀಲು. ಹುಡುಗ ಎರಡನೇ ಕಟ್ಟಿನ ಪಿಟೀಲು ಭಾಗದಲ್ಲಿ ಒಂದು ಸಂಗೀತದ ವ್ಯಾಕರಣದ ತಪ್ಪು ಮಾಡಿದ್ದ. ಅಪ್ಪ ಲಿಯೋಪೋಲ್ಡ್ ಅದನ್ನು ತಿದ್ದಿದ್ದರೂ ಆ ಮುದುಕಿ ಹಾಗೇ ಬಿಟ್ಟಳು ಅಂತ ಊರಿನ ಸ್ನೇಹಿತನಿಗೆ ಕಾಗದ ಬರೆದು ಗೊಣಗಿದ್ದಾನೆ. ಕರಡು ತಿದ್ದುವವರ ಗೋಳು ಹಳೆಯದು.

‘ಬೇಕಿದ್ದರೆ ಪಿಟೀಲು’ ಅಂದೆನಲ್ಲ, ಅದು ಪಕ್ಕಾ ವ್ಯಾಪಾರದ ಮಾತು. ಮನೆಯಲ್ಲಿ ಹಾರ್ಪ್ಸಿಕಾರ್ಡ್ ನುಡಿಸುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು, ಅವರ ಕೈ ಪಳಗಿರುತ್ತಿತ್ತು. ಪಿಟೀಲು ಹಿಡಿದ ಅಣ್ಣನೋ ನೆಂಟನೋ ಅಷ್ಟು ಪಳಗಿರುತ್ತಿರಲಿಲ್ಲ. ಅವನಿಗೂ ಒಂದು ಜಾಗ ಕೊಡಬೇಕು, ಅವನಿಲ್ಲದಿದ್ದರೂ ಕೃತಿ ನಡೆಯಬೇಕು. ಅದೇ ರೀತಿ ‘ಕೊಳಲು ಅಥವಾ ಪಿಟೀಲು ಅಥವಾ ಓಬೋ’ ಅಂತ ಬರೆದರೆ ಮೂರು ಬಗೆಯ ಗಿರಾಕಿಗಳು ಸಿಕ್ಕಂತಾಯಿತು.

ಶತಮಾನದ ಆರಂಭದಲ್ಲಿ ಈ ಧಂಧೆಯ ರಾಜ ಆಮ್‌ಸ್ಟರ್‌ಡ್ಯಾಮ್‌ನ ಎಸ್ಟಿಯೆನ್ ರೋಜೆ. ಕೊರೆಲ್ಲಿ, ವಿವಾಲ್ಡಿಯಂಥ ಇಟಲಿಯವರ ಸಂಗೀತ ಯುರೋಪಿನ ಉತ್ತರಕ್ಕೆ ಹರಡಿದ್ದು ಬಹುಮಟ್ಟಿಗೆ ಅವನ ತಗಡುಗಳಿಂದ. ಬೇರೆ ಬೇರೆ ಊರುಗಳಲ್ಲಿ ಅವನಿಗೆ ಏಜೆಂಟರಿದ್ದರು. ಲಂಡನ್‌ನ ಜಾನ್ ವಾಲ್ಷ್ ಅವನ ಪ್ರತಿಸ್ಪರ್ಧಿ. ಇವನ ಪುಸ್ತಕ ಅವನು, ಅವನ ಪುಸ್ತಕ ಇವನು ನಕಲು ಹೊಡೆಯುವುದು ಮಾಮೂಲು.

ವಾಲ್ಷ್‌ನ ಒಂದು ಕೆಲಸ ಮಾತ್ರ ಮಾಮೂಲಿಗಿಂತ ಒಂದು ಕೈ ಮೇಲೆ. ಸುಮಾರು 1730ರಲ್ಲಿ ಲಂಡನ್‌ನ ಸಂಗೀತಗಾರ ಹ್ಯಾಂಡೆಲ್‌ನ ಸೊನಾಟಾಗಳ ಒಂದು ಕಟ್ಟು ಬಂತು. ಮುಖಪುಟದಲ್ಲಿ ಆಮ್‌ಸ್ಟರ್‌ಡ್ಯಾಮ್, ಜಾನ್ ರೋಜೆ ಅಂತ ವಿಳಾಸ. ಆಕೆ ಎಸ್ಟಿಯೆನ್‌ನ ಮಗಳು, 1722ರಲ್ಲೇ ತೀರಿಕೊಂಡಿದ್ದಳು. ತಗಡು ಕೆತ್ತಿದ್ದು ವಾಲ್ಷ್‌ನ ಲಂಡನ್ ಕೆಲಸಗಾರರು! ಸತ್ತವಳ ಹೆಸರಿನಲ್ಲಿ ಹ್ಯಾಂಡೆಲ್‌ನ ಮಾಲು ಮಾರಿದ. ಅದೂ ಪೂರ್ತಿ ಹ್ಯಾಂಡೆಲ್‌ನದಲ್ಲ, ಒಂದೆರಡು ಸೊನಾಟಾ ಬೇರೆಯವರದು. ಸ್ವಲ್ಪ ಕಾಲದ ಮೇಲೆ ವಾಲ್ಷ್ ತನ್ನದೇ ಹೆಸರಿನಲ್ಲಿ ಅದನ್ನೇ ಮತ್ತೆ ತಂದ. ಈ ಸಲ ಮುಖಪುಟದಲ್ಲಿ, ಹಿಂದಿನ ಆವೃತ್ತಿಗಿಂತ ಇದು ಶುದ್ಧ ಅಂತ ಸೇರಿಸಿದ. ಧೈರ್ಯ ಮೆಚ್ಚಬೇಕು ಅಲ್ವಾ?

ಇಂಥವರ ನಡುವೆ ತನ್ನ ಅಂಗಡಿ ತಾನೇ ನಡೆಸಿದವನು ಹ್ಯಾಂಬರ್ಗ್‌ನ ಸಂಗೀತಗಾರ ಟೆಲಿಮಾನ್. 1725ರಿಂದ 1740ರವರೆಗೆ ನಲವತ್ತಕ್ಕೂ ಹೆಚ್ಚು ಪ್ರಕಟಣೆ ಹೊರತಂದ. ಅವುಗಳಲ್ಲಿ ಎಷ್ಟೋ ತಗಡುಗಳನ್ನು ತಾನೇ ಕೂತು ಕೆತ್ತಿದ. 1728ರಲ್ಲಿ ಒಂದು ಸಂಗೀತ ಪತ್ರಿಕೆ ಶುರುಮಾಡಿದ. ಅದರಲ್ಲಿ ಒಂದು ಕೃತಿಯ ಅರ್ಧ ಕೊಟ್ಟು, ಉಳಿದದ್ದು ಮುಂದಿನ ಸಂಚಿಕೆಗೆ ಅನ್ನುತ್ತಿದ್ದ. ನಮ್ಮ ವಾರಪತ್ರಿಕೆಯ ಧಾರಾವಾಹಿಯ ಉಪಾಯವೇ. 1733ರ ಅವನ ‘ಟಾಫೆಲ್‌ಮುಸಿಕ್’ (ಊಟದ ಹೊತ್ತಿನ ಸಂಗೀತ) ಚಂದಾ ಪದ್ಧತಿಯಲ್ಲಿ ಬಂತು. ಮೊದಲು ಹೆಸರು ಕೊಡಿ, ಆಮೇಲೆ ಅಚ್ಚು. 206 ಜನ ಹೆಸರು ಕೊಟ್ಟರು, ಲಂಡನ್‌ನಿಂದ ಹ್ಯಾಂಡೆಲ್ ಕೂಡ. ಪಟ್ಟಿಯನ್ನು ಪುಸ್ತಕದಲ್ಲೇ ಅಚ್ಚು ಹಾಕುತ್ತಿದ್ದರು. ರಾಜಮನೆತನದವರ ಪಕ್ಕ ತನ್ನ ಹೆಸರು ನೋಡುವ ಆಸೆಗೆ ಎಷ್ಟು ವರ್ತಕರು ದುಡ್ಡು ಬಿಚ್ಚಿದರೋ! ಪ್ಯಾರಿಸ್‌ನಲ್ಲಿ ಅವನ ಕೃತಿಗಳನ್ನು ಕೇಳದೆ ಅಚ್ಚು ಹಾಕುತ್ತಿದ್ದರು. 1737ರಲ್ಲಿ ಸ್ವತಃ ಪ್ಯಾರಿಸ್‌ಗೇ ಹೋಗಿ ರಾಜನ ಪರವಾನಗಿ ಪಡೆದ. ಮರುವರ್ಷ ಅಲ್ಲೇ ಹೊಸ ಕ್ವಾರ್ಟೆಟ್‌ಗಳನ್ನು ತಂದ. ಆ ಚಂದಾ ಪಟ್ಟಿಯಲ್ಲಿ ಲೈಪ್‌ಜಿಗ್‌ನ ಬಾಖ್ ಇದ್ದಾನೆ.

ಈಗ ಆಸ್ಟ್ರಿಯಾದ ಸಂಗೀತಗಾರ ಹೈಡನ್. ಇವನ ಕಥೆ ನನಗೆ ತುಂಬ ಇಷ್ಟ, ಯಾಕೆಂದರೆ ಇವನು ಮೊದಲು ಕಳಕೊಂಡವನು, ಆಮೇಲೆ ಕಲಿತವನು.

1761ರಲ್ಲಿ ಎಸ್ಟರ್‌ಹಾಜಿ ರಾಜಕುಮಾರನ ಬಳಿ ಕೆಲಸಕ್ಕೆ ಸೇರಿದಾಗ ಕರಾರಿನಲ್ಲಿ ಒಂದು ಷರತ್ತಿತ್ತು. ಬರೆದ ಸಂಗೀತವೆಲ್ಲ ರಾಜಕುಮಾರನಿಗೆ. ಬೇರೆಯವರಿಗೆ ಕೊಡಬಾರದು, ನಕಲು ಮಾಡಿಸಬಾರದು. ಷರತ್ತು ಹೈಡನ್‌ನನ್ನು ಕಟ್ಟಿಹಾಕಿತೇ ಹೊರತು ಸಂಗೀತವನ್ನಲ್ಲ. ಆಗ ಆಸ್ಟ್ರಿಯಾ, ಜರ್ಮನಿಯ ಕಡೆ ಅಚ್ಚಿಗಿಂತ ಕೈಬರಹದ ಪ್ರತಿಗಳ ವ್ಯಾಪಾರವೇ ದೊಡ್ಡದು. ಲೈಪ್‌ಜಿಗ್‌ನ ಬ್ರೈಟ್‌ಕಾಫ್ 1762ರಿಂದ ಕ್ಯಾಟಲಾಗ್‌ಗಳನ್ನೇ ಹೊರತರುತ್ತಿದ್ದ. ಪ್ರತಿ ಕೃತಿಯ ಮೊದಲ ಕೆಲವು ಸ್ವರಗಳನ್ನು ಅದರಲ್ಲಿ ಕೊಟ್ಟಿರುತ್ತಿದ್ದ. ನೋಡಿ ಆರ್ಡರ್ ಕೊಟ್ಟರೆ ನಕಲುಗಾರ ಬರೆದು ಕೊಡುತ್ತಿದ್ದ. ಹಾಗೆ ಸೋರಿದ ಪ್ರತಿಗಳಿಂದ 1764ರಲ್ಲೇ ಪ್ಯಾರಿಸ್‌ನ ಲಾ ಷೆವಾರ್ಡಿಯೆರ್ ಹೈಡನ್‌ನ ಕ್ವಾರ್ಟೆಟ್‌ಗಳನ್ನು ಅಚ್ಚು ಹಾಕಿದ. ಹಿಂದೆಯೇ ಆಮ್‌ಸ್ಟರ್‌ಡ್ಯಾಮ್‌ನ ಹುಮ್ಮೆಲ್. ಯುರೋಪ್ ತುಂಬ ಹೆಸರು, ಜೇಬಿಗೆ ಮಾತ್ರ ಏನೂ ಇಲ್ಲ.

1779ರ ಜನವರಿಯಲ್ಲಿ ಹೊಸ ಕರಾರು ಆಯಿತು. ಆ ಷರತ್ತು ಹೋಯಿತು. ಹೈಡನ್‌ಗೆ ಆಗ 46 ವರ್ಷ. ಅದೃಷ್ಟಕ್ಕೆ, ಅದರ ಹಿಂದಿನ ವರ್ಷವೇ ವಿಯೆನ್ನಾದ ಆರ್ಟೇರಿಯಾ ಅಂಗಡಿ ಸಂಗೀತದ ಅಚ್ಚಿಗೆ ಇಳಿದಿತ್ತು. ಆರ್ಟೇರಿಯಾ ಮನೆತನದವರು ಇಟಲಿಯ ಕೋಮೋ ಸರೋವರದ ಕಡೆಯವರು. ಚಿತ್ರ, ನಕ್ಷೆ ಮಾರುತ್ತಿದ್ದವರು. ತಗಡಿನ ಕೆಲಸ ಗೊತ್ತಿದ್ದವರು.

1781ರ ಕೊನೆಗೆ ಹೈಡನ್ ಆರು ಹೊಸ ಕ್ವಾರ್ಟೆಟ್ ಮುಗಿಸಿದ. ಇವತ್ತು ಓಪಸ್ 33 ಅನ್ನುತ್ತೇವೆ (ಓಪಸ್ ಅಂದರೆ ಪ್ರಕಟಣೆಯ ಕ್ರಮಸಂಖ್ಯೆ). ಆರ್ಟೇರಿಯಾಗೆ ಅಚ್ಚಿಗೆ ಕೊಟ್ಟ. ಅದರ ಜೊತೆಗೇ ಇನ್ನೊಂದು ಕೆಲಸ ಮಾಡಿದ. ಡಿಸೆಂಬರ್‌ನಲ್ಲಿ ಊರೂರಿನ ಸಂಗೀತಪ್ರಿಯರಿಗೆ ಕಾಗದ ಬರೆದು, ಅದೇ ಆರು ಕ್ವಾರ್ಟೆಟ್‌ಗಳ ಕೈಬರಹದ ಪ್ರತಿಯನ್ನು 6 ಡುಕಾಟ್‌ಗೆ (ಆಗಿನ ಚಿನ್ನದ ನಾಣ್ಯ) ಕೊಡುತ್ತೇನೆ ಅಂದ. ಜ್ಯೂರಿಕ್‌ನ ಪಾದ್ರಿ ಲಾವಾಟರ್‌ಗೆ ಬರೆದ ಕಾಗದ ಉಳಿದಿದೆ. ನಿಮ್ಮೂರಿನಲ್ಲಿ ಕೊಳ್ಳುವವರಿದ್ದರೆ ಹುಡುಕಿಕೊಡಿ ಅಂತ ಕೇಳಿದ್ದಾನೆ. ಇವು ಪೂರ್ತಿ ಹೊಸ ರೀತಿಯಲ್ಲಿ ಬರೆದವು, ಹತ್ತು ವರ್ಷದಿಂದ ಕ್ವಾರ್ಟೆಟ್ ಬರೆದಿರಲಿಲ್ಲ ಅಂತಲೂ ಸೇರಿಸಿದ್ದಾನೆ. ಈ ‘ಹೊಸ ರೀತಿ’ಯ ಬಗ್ಗೆ ವಿದ್ವಾಂಸರು ರಾಶಿ ರಾಶಿ ಬರೆದಿದ್ದಾರೆ. ಸಂಗೀತದಲ್ಲಿ ನಿಜವಾಗಿಯೂ ಹೊಸತನ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಾಗದ ಮಾಲು ಮಾರಲು ಬರೆದದ್ದು ಅನ್ನುವುದನ್ನು ಮರೆಯಬಾರದು. ಹಳೆಯದು ಅಂತ ಹೇಳಿ ಯಾರಾದರೂ ಮಾರುತ್ತಾರೆಯೇ?

ಅಷ್ಟರಲ್ಲಿ ಆರ್ಟೇರಿಯಾ ಎಡವಟ್ಟು ಮಾಡಿತು. ಡಿಸೆಂಬರ್ ಮುಗಿಯುವ ಮೊದಲೇ ‘ವೀನರ್ ಟ್ಸೈಟುಂಗ್’ ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಹೈಡನ್‌ನ ಹೊಸ ಕ್ವಾರ್ಟೆಟ್‌ಗಳು ಸದ್ಯದಲ್ಲೇ ಅಂದಿತು. 6 ಡುಕಾಟ್ ಕೊಟ್ಟು ಅಪರೂಪದ ಪ್ರತಿಗೆ ಕಾಯುತ್ತಿದ್ದವರಿಗೆ ಏನನ್ನಿಸಬೇಡ? ಜನವರಿ 4ರಂದು ಹೈಡನ್ ಆರ್ಟೇರಿಯಾಗೆ ಸಿಟ್ಟಿನ ಕಾಗದ ಬರೆದ. ನನ್ನ ಮರ್ಯಾದೆಯೂ ಹೋಯಿತು, ಲಾಭವೂ ಹೋಯಿತು ಅನ್ನುವ ಧಾಟಿಯಲ್ಲಿ. ಆರ್ಟೇರಿಯಾ ಅಚ್ಚನ್ನು ಏಪ್ರಿಲ್‌ವರೆಗೆ ಮುಂದೆ ಹಾಕಿತು. ಅದೇ ವರ್ಷ ಬರ್ಲಿನ್‌ನಲ್ಲಿ ಹುಮ್ಮೆಲ್ ಕೂಡ ಇದೇ ಆರನ್ನು ತಂದ. ಅಲ್ಲಿಗೆ ಒಂದೇ ಸಂಗೀತ ಮೂರು ರೂಪದಲ್ಲಿ ಪೇಟೆಗೆ ಬಂದಂತಾಯಿತು.

ಹೈಡನ್ ಮೋಸಗಾರನೇ? ಅವನ ಕೆಲವು ವ್ಯವಹಾರ ನೋಡಿದರೆ ಹಾಗೆ ಅನ್ನಿಸಬಹುದು. 1787ರ ಓಪಸ್ 50 ಕ್ವಾರ್ಟೆಟ್‌ಗಳನ್ನು ವಿಯೆನ್ನಾದಲ್ಲಿ ಆರ್ಟೇರಿಯಾಗೂ ಮಾರಿದ, ಲಂಡನ್‌ನಲ್ಲಿ ವಿಲಿಯಂ ಫಾರ್ಸ್ಟರ್‌ಗೂ ಮಾರಿದ. ಫಾರ್ಸ್ಟರ್ ಮೂಲತಃ ಪಿಟೀಲು ಮಾಡುವವನು. ಪಿಟೀಲು ಕೊಂಡವನಿಗೆ ನುಡಿಸಲು ಏನಾದರೂ ಬೇಕಲ್ಲ, ಅದನ್ನೂ ತಾನೇ ಮಾರೋಣ ಅಂತ ಅಚ್ಚಿಗೆ ಇಳಿದವನು. ಇದೇ ಫಾರ್ಸ್ಟರ್‌ಗೆ ಹೈಡನ್ ಮೂರು ಪಿಯಾನೊ ಟ್ರಿಯೊ (ಪಿಯಾನೊ ಸೇರಿ ಮೂವರ ಕೃತಿ) ಕಳಿಸಿದ್ದ. ಅವುಗಳಲ್ಲಿ ಎರಡು ಅವನ ಶಿಷ್ಯ ಪ್ಲೆಯೆಲ್‌ನವು! ಆ ಕಗ್ಗಂಟು ಲಂಡನ್‌ನಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. ಟ್ರಿಯೊ ವಿಷಯದಲ್ಲಿ ಹೈಡನ್‌ನನ್ನು ಸಮರ್ಥಿಸಲು ನನ್ನಿಂದ ಆಗುವುದಿಲ್ಲ. ಆದರೆ ಎರಡು ಊರಿನಲ್ಲಿ ಮಾರಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಒಂದು ದೇಶದ ಹಕ್ಕಿಗೆ ಇನ್ನೊಂದು ದೇಶದಲ್ಲಿ ಕಾಸಿನ ಬೆಲೆ ಇರಲಿಲ್ಲ. ಅವನು ಲಂಡನ್‌ನಲ್ಲಿ ಮಾರದಿದ್ದರೆ ಆರ್ಟೇರಿಯಾದ ಪ್ರತಿ ನೋಡಿ ಯಾರೋ ಒಬ್ಬ ಕೆತ್ತಿ ಮಾರುತ್ತಿದ್ದ. ಹದಿನೆಂಟು ವರ್ಷ ಆಗಿದ್ದು ಅದೇ ತಾನೆ?

ಹೈಡನ್ ಹೆಸರಿದ್ದರೆ ಸಾಕು, ಮಾಲು ಹೋಗುತ್ತದೆ ಅನ್ನುವ ಕಾಲ ಅದು. 1777ರಲ್ಲಿ ಪ್ಯಾರಿಸ್‌ನ ಬೈಯೂ ಆರು ಕ್ವಾರ್ಟೆಟ್‌ಗಳನ್ನು ಹೈಡನ್‌ನ ಓಪಸ್ 3 ಅಂತ ತಂದ. ಆಮೇಲೆ ಪ್ಲೆಯೆಲ್ ತನ್ನ ಗುರುವಿನ ಸಮಗ್ರ ಕ್ವಾರ್ಟೆಟ್ ಸಂಪುಟದಲ್ಲಿ ಅವನ್ನು ಸೇರಿಸಿದ. ಹೈಡನ್‌ನ ಮುದಿವಯಸ್ಸಿನಲ್ಲಿ ತಯಾರಾದ ಕೃತಿಗಳ ಪಟ್ಟಿಯಲ್ಲೂ ಅವು ಸೇರಿದವು. ಅದರಲ್ಲಿ ಐದನೆಯ ಕ್ವಾರ್ಟೆಟ್‌ನ ‘ಸೆರೆನೇಡ್’ ಭಾಗ ಬಹಳ ಜನಪ್ರಿಯ, ನಿಮ್ಮಲ್ಲಿ ಕೆಲವರು ಕೇಳಿರುತ್ತೀರಿ. 1960ರ ದಶಕದಲ್ಲಿ ಇಬ್ಬರು ಸಂಶೋಧಕರು ಬೈಯೂ ಪ್ರತಿಯನ್ನು ಹತ್ತಿರದಿಂದ ನೋಡಿದರು. ತಗಡಿನಲ್ಲಿ ಮೊದಲು ಕೆತ್ತಿದ್ದ ಹೆಸರನ್ನು ಬಡಿದು ಅಳಿಸಿದ್ದರು, ಆದರೆ ಗುರುತು ಪೂರ್ತಿ ಹೋಗಿರಲಿಲ್ಲ. ಆ ಹೆಸರು ಹಾಫ್‌ಸ್ಟೆಟರ್. ಜರ್ಮನಿಯ ಆಮೋರ್‌ಬಾಖ್ ಮಠದ ಸನ್ಯಾಸಿ, ಹೈಡನ್‌ನ ಅಭಿಮಾನಿ. ಆ ಕ್ವಾರ್ಟೆಟ್‌ಗಳು ಅವನವೇ ಅಂತ ಇವತ್ತು ಹೆಚ್ಚಿನವರು ಒಪ್ಪುತ್ತಾರೆ.

ಮೊಟ್ಸಾರ್ಟ್ ಈ ವ್ಯಾಪಾರದಲ್ಲಿ ಅಷ್ಟು ಗಟ್ಟಿಗನಲ್ಲ. ಹೈಡನ್‌ಗೆ ಅರ್ಪಿಸಿದ ಆರು ಕ್ವಾರ್ಟೆಟ್‌ಗಳಿಗೆ 1785ರಲ್ಲಿ ಆರ್ಟೇರಿಯಾ 100 ಡುಕಾಟ್ ಕೊಟ್ಟಿತು. ಅಂದರೆ ವಿಯೆನ್ನಾದ ನಾಣ್ಯದಲ್ಲಿ 450 ಗುಲ್ಡನ್. ಆಗ ಅವನಿದ್ದ ಮನೆಯ ಒಂದು ವರ್ಷದ ಬಾಡಿಗೆ ಹೆಚ್ಚೂಕಡಿಮೆ ಅಷ್ಟೇ. ಒಳ್ಳೆಯ ಬೆಲೆಯೇ. ಆದರೆ ಅದೇ ಸೆಪ್ಟೆಂಬರ್‌ನಲ್ಲಿ ಟೊರ್ರಿಚೆಲ್ಲಾ ಅನ್ನುವ ಇನ್ನೊಬ್ಬ ವ್ಯಾಪಾರಿ ಮೊಟ್ಸಾರ್ಟ್‌ನ ಹಳೆಯ ಆರು ಕ್ವಾರ್ಟೆಟ್‌ಗಳ ಜಾಹೀರಾತು ಹಾಕಿದ. ಗಿರಾಕಿಗೆ ಯಾವ ಆರು ಅಂತ ಗೊಂದಲ. ಮೂರು ವರ್ಷದ ಮೇಲೆ ಡಿಟರ್ಸ್‌ಡಾರ್ಫ್ ಅನ್ನುವ ಸಂಗೀತಗಾರ ಇದೇ ಆರ್ಟೇರಿಯಾಗೆ ಬರೆದ. ಮೊಟ್ಸಾರ್ಟ್‌ಗೆ ಕೊಟ್ಟಷ್ಟೇ ನನ್ನ ಆರಕ್ಕೂ ಕೊಡಿ, ಅವನದು ಪಂಡಿತರು ಹೊಗಳುವಂಥದ್ದು ಆದರೆ ಎಲ್ಲರ ರುಚಿಗೆ ಒಗ್ಗುವುದಿಲ್ಲ, ನನ್ನದರಲ್ಲಿ ನಿಮಗೆ ಲಾಭ ಜಾಸ್ತಿ ಅನ್ನುವ ಅರ್ಥದಲ್ಲಿ. ನಾವು ನಗಬಹುದು. ಆದರೆ ಗಿರಾಕಿ ಯಾರು ಅಂತ ನೆನಪಿಸಿಕೊಂಡರೆ ಅವನ ಮಾತಿನಲ್ಲಿ ಹುರುಳಿದೆ. ಸಂಜೆ ಕೂತು ನುಡಿಸುವ ವಕೀಲನಿಗೆ ಮೊಟ್ಸಾರ್ಟ್ ಕಷ್ಟವಾಗುತ್ತಿತ್ತು.

ಮೊಟ್ಸಾರ್ಟ್‌ನ ಪಿಯಾನೊ ಕ್ವಾರ್ಟೆಟ್‌ಗಳಿಗೂ ಇದೇ ಗತಿ. ಸ್ವತಃ ಸಂಗೀತಗಾರನೂ ಆಗಿದ್ದ ಪ್ರಕಾಶಕ ಹಾಫ್‌ಮೈಸ್ಟರ್ ಮೂರು ಬರೆಸಲು ಒಪ್ಪಂದ ಮಾಡಿಕೊಂಡಿದ್ದ. ಮೊದಲನೆಯದು ಕಷ್ಟ ಅಂತ ಜನ ಕೊಳ್ಳಲಿಲ್ಲ. ಮುಂಗಡ ನಿನ್ನಲ್ಲೇ ಇರಲಿ, ಇನ್ನೆರಡು ಬರೆಯಬೇಡ ಅಂದನಂತೆ. 1788ರಲ್ಲಿ ಮೊಟ್ಸಾರ್ಟ್ ಮೂರು ಕ್ವಿಂಟೆಟ್‌ಗಳನ್ನು (ಐವರ ಕೃತಿ) 4 ಡುಕಾಟ್‌ನಂತೆ ಚಂದಾಕ್ಕೆ ಇಟ್ಟ. ಜೂನ್‌ನಲ್ಲಿ ಮತ್ತೆ ಪ್ರಕಟಣೆ ಬಂತು: ಚಂದಾದಾರರು ಕಡಿಮೆ, ಮುಂದಿನ ಜನವರಿಯವರೆಗೆ ಮುಂದೂಡಿದೆ. ಅವುಗಳಲ್ಲಿ ಜಿ ಮೈನರ್ ಕ್ವಿಂಟೆಟ್ ಕೂಡ ಇತ್ತು. ಅದಕ್ಕೆ ಗಿರಾಕಿಗಳಿರಲಿಲ್ಲ!

ಕಾನೂನು ಏನು ಮಾಡುತ್ತಿತ್ತು ಅಂತ ನೀವು ಕೇಳಬಹುದು. ಇಂಗ್ಲೆಂಡಿನಲ್ಲಿ 1710ರಿಂದ ಪುಸ್ತಕಗಳಿಗೆ ಹಕ್ಕಿನ ಕಾನೂನು ಇತ್ತು. ಸಂಗೀತವೂ ಪುಸ್ತಕದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅನ್ನುವುದು ತೀರ್ಮಾನವಾಗಿರಲಿಲ್ಲ. ಬಾಖ್‌ನ ಕಿರಿಯ ಮಗ ಯೋಹಾನ್ ಕ್ರಿಸ್ಟಿಯಾನ್ ಲಂಡನ್‌ನಲ್ಲಿದ್ದ. ಅವನ ಕೃತಿಗಳನ್ನು ಲಾಂಗ್‌ಮನ್ ಅಂಗಡಿ ಕೇಳದೆ ಅಚ್ಚು ಹಾಕಿತು. ಅವನು ಕೋರ್ಟಿಗೆ ಹೋದ. 1777ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ತೀರ್ಪು ಕೊಟ್ಟ: ಸಂಗೀತವೂ ಬರಹವೇ. ಕೊಂಡವನು ನುಡಿಸಬಹುದು, ಪ್ರತಿ ಮಾಡಿ ಬರೆದವನ ಲಾಭ ಕಸಿಯುವಂತಿಲ್ಲ. ನೋಡಿ, ಇಲ್ಲೂ ಗಿರಾಕಿ ಅಂದರೆ ನುಡಿಸುವವನೇ. ಈ ತೀರ್ಪು ದೊಡ್ಡದು, ಆದರೆ ಕಡಲು ದಾಟಿದರೆ ಅದಕ್ಕೆ ಬೆಲೆ ಇರಲಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬರು ಕೇಳಿದರು: ಈ ಚಂದಾ ವ್ಯಾಪಾರ ಇಂಡಿಯಾಕ್ಕೆ ಬಂತೇ?

ಬಂತು, ಕಲ್ಕತ್ತಾಕ್ಕೆ. 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಅನ್ನುವವನು ಹಿಂದುಸ್ತಾನಿ ಹಾಡುಗಳ ಧಾಟಿಗಳನ್ನು ಹಾರ್ಪ್ಸಿಕಾರ್ಡ್‌ಗೆ ಹೊಂದಿಸಿ ‘ಓರಿಯೆಂಟಲ್ ಮಿಸೆಲೆನಿ’ ಅನ್ನುವ ಪುಸ್ತಕವನ್ನು ಅಲ್ಲಿ ಅಚ್ಚು ಮಾಡಿಸಿದ. ಅದರಲ್ಲಿ ಅದೇ ಧಾಟಿಗಳಿಂದ ಕಟ್ಟಿದ ಒಂದು ಸೊನಾಟಾ ಇದೆ, ಜೊತೆಗೆ ಕೊಳಲು ಅಥವಾ ಪಿಟೀಲು. ಆ ‘ಅಥವಾ’ ಲಂಡನ್, ಪ್ಯಾರಿಸ್ ಅಂಗಡಿಗಳಿಂದ ಹಡಗು ಹತ್ತಿ ಬಂದದ್ದು. ಕೊಳ್ಳುವವರು ಕಂಪನಿಯ ಅಧಿಕಾರಿಗಳು, ಅವರ ಹೆಂಡತಿಯರು. ಹಾಡಿದವರಿಗೆ ಪಾಲು ಹೋಗಿರಲಾರದು ಅಂತ ನನ್ನ ಊಹೆ.

ಇನ್ನೊಂದು ಪ್ರಶ್ನೆ: ಕೊನೆಗೆ ದುಡ್ಡು ಮಾಡಿದವರು ಯಾರು, ಅಂಗಡಿಯವರೇ ತಾನೆ?

ಹೆಚ್ಚಾಗಿ ಹೌದು. ಆದರೆ 1795ರ ಒಂದು ಕರಾರು ಹೇಳುತ್ತೇನೆ. 24 ವರ್ಷದ ಬೀಥೋವನ್ ತನ್ನ ಓಪಸ್ 1, ಅಂದರೆ ಮೂರು ಪಿಯಾನೊ ಟ್ರಿಯೊಗಳನ್ನು, ಆರ್ಟೇರಿಯಾಗೆ ಮಾರಲಿಲ್ಲ. ಕೆತ್ತನೆಯ ಖರ್ಚು 212 ಗುಲ್ಡನ್ ತಾನೇ ಕೊಡಲು ಒಪ್ಪಿದ. ಅಚ್ಚಾದ ಪ್ರತಿಗಳನ್ನು ಒಂದಕ್ಕೆ 1 ಗುಲ್ಡನ್‌ನಂತೆ ಆರ್ಟೇರಿಯಾದಿಂದ ಕೊಂಡು, ಚಂದಾದಾರರಿಗೆ 1 ಡುಕಾಟ್‌ಗೆ ಕೊಟ್ಟ. ಡುಕಾಟ್ ಅಂದರೆ ನಾಲ್ಕೂವರೆ ಗುಲ್ಡನ್, ಪ್ರತಿಗೆ ಮೂರೂವರೆ ಉಳಿಯಿತು. ಸುಮಾರು 60 ಪ್ರತಿ ಹೋದರೆ ತಗಡಿನ ಖರ್ಚು ವಾಪಸ್. ಚಂದಾದಾರರು 120 ದಾಟಿದರು. ಕೆಲವರು ಒಂದಕ್ಕಿಂತ ಹೆಚ್ಚು ಕೊಂಡದ್ದರಿಂದ ಪ್ರತಿಗಳು 240ರ ಆಸುಪಾಸು. ಎಲ್ಲ ಕಳೆದು 600 ಗುಲ್ಡನ್‌ಗಿಂತ ಜಾಸ್ತಿ ಉಳಿದಿರಬೇಕು. ಮೊಟ್ಸಾರ್ಟ್‌ಗೆ ಆರು ಕ್ವಾರ್ಟೆಟ್‌ಗೆ ಸಿಕ್ಕಿದ್ದಕ್ಕಿಂತ ಇದು ಹೆಚ್ಚು. ಕೃತಿಯನ್ನು ಅರ್ಪಿಸಿದ್ದು ಲಿಖ್ನೋವ್ಸ್ಕಿ ರಾಜಕುಮಾರನಿಗೆ, ಚಂದಾ ಪಟ್ಟಿ ತುಂಬಲು ಅವನ ಬಳಗ ಚೆನ್ನಾಗಿ ನೆರವಾಯಿತು. ಕರಾರಿನಲ್ಲಿ ಇನ್ನೊಂದು ಮಾತಿತ್ತು. ವಿಯೆನ್ನಾದಲ್ಲಿ ಮೊದಲ ಎರಡು ತಿಂಗಳು ಬೀಥೋವನ್ ಒಬ್ಬನೇ ಮಾರಬೇಕು, ಆರ್ಟೇರಿಯಾ ಕಾಯಬೇಕು. ಹದಿಮೂರು ವರ್ಷದ ಹಿಂದೆ ಹೈಡನ್ ಸಿಟ್ಟಿನ ಕಾಗದ ಬರೆದು ಪಡೆದ ಗಡುವನ್ನು ಈ ಹುಡುಗ ಮೊದಲೇ ಬರೆಸಿಕೊಂಡಿದ್ದ.